ಎರಡು ದಾರಿಯ ವಾಹನ

ವ್ಯಾಕರಣದಲ್ಲಿ ದ್ವಂದ್ವ ಸಮಾಸವೆಂಬುದೊಂದುಂಟು. ಗಿಡಮರ, ಕೆರೆಕಟ್ಟೆ, ಮಳೆಗಾಳಿ ಎಂಬ ಮಾತುಗಳಲ್ಲಿ ಕೂಡಿದ ಪದಗಳೆರಡಕ್ಕೂ ಸಮಾನವಾದ ಪ್ರಾಧಾನ್ಯ. ಒಂದು ಇನ್ನೊಂದರ ಆಳಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಊರುಗಳ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಿರುವ ಒಂದು ಬಗೆಯ ಮೋಟಾರ್ ಸೈಕಲ್ಲನ್ನು ಕಂಡಾಗಲೆಲ್ಲ ನನಗೆ ಈ ಸಮಾಸದ ನೆನಪಾಗುತ್ತದೆ. ಎತ್ತರವಾದ ಸೀಟು, ದೊಡ್ಡದಾದ ಮುಂದಿನ ಚಕ್ರ, ಕೊಕ್ಕಿನಂತೆ ಮುಂದಕ್ಕೆ ಚಾಚಿದ ಮಡ್‌ಗಾರ್ಡು, ಕಡ್ಡಿ ಹೆಣೆದ ಗಾಲಿ, ಆಳವಾದ ಗಟ್ಟಿಗಳುಳ್ಳ ಟೈರು. ಇದಕ್ಕೆ ಡ್ಯುಯಲ್ ಸ್ಪೋರ್ಟ್ ಎಂದು ಹೆಸರು. ಡಾಂಬರು ರಸ್ತೆಯಲ್ಲಿಯೂ ಓಡಬೇಕು, ಡಾಂಬರು ಮುಗಿದ ಮೇಲೆ ಕಲ್ಲುಮಣ್ಣಿನ ದಾರಿಯಲ್ಲಿಯೂ ಓಡಬೇಕು ಎಂಬುದು ಇದರ ಹುಟ್ಟಿನ ಉದ್ದೇಶ. ಇದನ್ನು ಕೊಳ್ಳುವುದು, ಸಾಕುವುದು, ತನಗೊಪ್ಪುವಂತೆ ತಿದ್ದಿಕೊಳ್ಳುವುದು, ಈ ಮೂರನ್ನು ಕುರಿತು ಇಂದು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕಾವ್ಯದ ಪಾಠ ಹೇಳಿ ನಿವೃತ್ತನಾದವನಿಗೆ ಯಂತ್ರದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಸುಮಾರು ಒಂಬೈನೂರು ವರ್ಷಗಳ ಹಿಂದೆಯೇ ಚಾಳುಕ್ಯ ವಂಶದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದಿದ್ದಾನೆ. ಮನುಷ್ಯನ ಭಾರವನ್ನು ಹೊರುವ, ಅವನ ಬದುಕನ್ನು ನಡೆಸುವ ಪ್ರಾಣಿಯನ್ನು ನೋಡಿಕೊಳ್ಳುವ ಬಗೆ ನಮ್ಮ ಹಿರಿಯರಿಗೆ ಸಾಹಿತ್ಯದ ಹೊರಗಿನ ವಿಷಯವೆನಿಸಿರಲಿಲ್ಲ. ಇಂದು ಆ ಭಾರವನ್ನು ಬಹುಮಟ್ಟಿಗೆ ಯಂತ್ರ ಹೊರುತ್ತಿದೆ. ಇನ್ನೊಂದು ಕಾರಣ ಕಠೋರವಾದದ್ದು. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಮನೆಯ ಹುಡುಗನೋ ಹುಡುಗಿಯೋ ಇಂಥ ವಾಹನವನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಹಿರಿಯರಾದ ನಾವು ಬೇಡವೆಂದು ಗದರುತ್ತೇವೆ, ಇಲ್ಲವೇ ನಮಗೆ ತಿಳಿಯದ ವಿಷಯವೆಂದು ಸುಮ್ಮನಾಗುತ್ತೇವೆ. ಗದರಿಕೆಗಿಂತಲೂ ಮೌನಕ್ಕಿಂತಲೂ ತಿಳಿವಳಿಕೆ ಹೆಚ್ಚು ಉಪಕಾರಿ.

ಮೊದಲು ಇದರ ಪೂರ್ವೋತ್ತರವನ್ನು ನೋಡೋಣ. ರಸ್ತೆಯ ಮೋಟಾರ್ ಸೈಕಲ್ಲಿಗೇ ಹೊಗೆಕೊಳವೆಯನ್ನು ಮೇಲಕ್ಕೆತ್ತಿ ಕಟ್ಟಿ, ಒರಟು ಟೈರು ಹಾಕಿ, ಕಾಡುಮೇಡುಗಳಲ್ಲಿ ಓಡಿಸುವ ಪದ್ಧತಿ ಪಶ್ಚಿಮ ದೇಶಗಳಲ್ಲಿ ಬಹಳ ಹಿಂದಿನಿಂದಲೂ ಇತ್ತು. ಆ ವಾಹನಗಳು ಭಾರವಾಗಿದ್ದವು. 1968ರಲ್ಲಿ ಜಪಾನಿನ ಯಮಾಹಾ ಕಂಪನಿ ಡಿಟಿ-1 ಎಂಬ 250 ಸಿ.ಸಿ. ವರ್ಗದ ಹಗುರವಾದ ಗಾಡಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ದೀಪ, ಹಾರನ್ನು, ನಂಬರು ಫಲಕ ಎಲ್ಲವೂ ಇದ್ದು ರಸ್ತೆಯ ಕಾನೂನಿಗೆ ಒಪ್ಪುವ, ಆದರೆ ಮೂಲತಃ ಮಣ್ಣಿನ ದಾರಿಗೆಂದೇ ರೂಪಿಸಿದ ಗಾಡಿ ಅದು. ಜನ ಮುಗಿಬಿದ್ದು ಕೊಂಡರು. ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. 1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಹೊರಟು ಆಫ್ರಿಕದ ಮರುಭೂಮಿಯನ್ನು ಹಾದು ಡಕಾರ್ ನಗರ ತಲುಪುವ ಪಂದ್ಯ ಆರಂಭವಾಯಿತು. ಅದರಲ್ಲಿ ಮೊದಲಿಗನಾಗಿ ಬಂದ ಫ್ರಾನ್ಸಿನ ಸಿರಿಲ್ ನೆವೂ ಏರಿದ್ದು ಯಮಾಹಾದ ಎಕ್ಸ್‌ಟಿ 500 ಗಾಡಿಯನ್ನು. 1980ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ತನ್ನ ಹೊಸ ಗಾಡಿಗೆ ಜಿ/ಎಸ್ ಎಂದು ಹೆಸರಿಟ್ಟಿತು. ‘ಗೆಲೆಂಡೆ’ ಎಂದರೆ ಬಯಲುನೆಲ, ‘ಷ್ಟ್ರಾಸೆ’ ಎಂದರೆ ರಸ್ತೆ. ಎರಡು ಅಕ್ಷರಗಳ ನಡುವೆ ಎಳೆದ ಆ ಓರೆಗೆರೆಯೇ ನಮ್ಮ ದ್ವಂದ್ವ ಸಮಾಸ.

ಕನ್ನಡ ನಾಡಿಗೆ ಮೋಟಾರ್ ಸೈಕಲ್ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಬಾಗಿಲು ಮುಚ್ಚಿತು. ಪ್ಲಗ್ಗು ಬಿಚ್ಚಿ ಮಸಿ ಒರೆಸುವ ವಿದ್ಯೆಯನ್ನು ಒಂದು ತಲೆಮಾರು ಆ ಗಾಡಿಗಳಿಂದ ಕಲಿಯಿತು. ಎರಡು ದಾರಿಯ ವಾಹನ ಭಾರತದಲ್ಲಿ ಎಲ್ಲರ ಕೈಗೆಟುಕುವಂತಾದದ್ದು ಮಾತ್ರ ತಡವಾಗಿ. 2011ರಲ್ಲಿ ಹೀರೋ ಕಂಪನಿಯ 150 ಸಿ.ಸಿ. ವರ್ಗದ ಇಂಪಲ್ಸ್ ಬಂತು. ಹೆಚ್ಚು ಕಾಲ ನಿಲ್ಲಲಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡಿನ 411 ಸಿ.ಸಿ. ಹಿಮಾಲಯನ್ ಬಂತು, 2023ರಲ್ಲಿ ಅದರ ಸ್ಥಾನವನ್ನು 452 ಸಿ.ಸಿ.ಯ, ನೀರಿನಿಂದ ತಂಪಾಗುವ ಇಂಜಿನ್ನಿನ ಹೊಸ ಹಿಮಾಲಯನ್ ಪಡೆಯಿತು. ನಡುವೆ 2019ರಲ್ಲಿ ಹೀರೋ ಕಂಪನಿಯದೇ ಎಕ್ಸ್‌ಪಲ್ಸ್ 200 ಬಂತು. ಈ ವಿದ್ಯೆಯ ಕ್ರೀಡಾರೂಪದಲ್ಲಿ ಹೆಸರು ಮಾಡಿದ ಇಬ್ಬರು ಬೆಂಗಳೂರಿನವರೇ. ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ಪಂದ್ಯವನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ. ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಪಂದ್ಯಗಳ ಮಹಿಳಾ ವಿಶ್ವಕಪ್ಪನ್ನು ಗೆದ್ದವರು.

ಈಗ ಅಂಗರಚನೆಗೆ ಬರೋಣ. ಎಕ್ಸ್‌ಪಲ್ಸ್ 200ನ್ನೇ ಉದಾಹರಣೆಗೆ ಇಟ್ಟುಕೊಳ್ಳಬಹುದು. ಅದರ ಮುಂದಿನ ಚಕ್ರ 21 ಅಂಗುಲ, ಹಿಂದಿನದು 18. ನೆಲದಿಂದ ಗಾಡಿಯ ಹೊಟ್ಟೆಗೆ 220 ಮಿ.ಮೀ. ಅಂತರ. ಮುಂದಿನ ಚಕ್ರ 190 ಮಿ.ಮೀ., ಹಿಂದಿನದು 170 ಮಿ.ಮೀ. ಮೇಲೆ ಕೆಳಗೆ ಆಡಬಲ್ಲದು. ಸೀಟಿನ ಎತ್ತರ 823 ಮಿ.ಮೀ. ಈ ಒಂದೊಂದು ಅಂಕಿಯ ಹಿಂದೆಯೂ ಒಂದು ಕಾರಣವಿದೆ. ಚಕ್ರ ದೊಡ್ಡದಾದಷ್ಟೂ ಗುಂಡಿಯ ಅಂಚನ್ನು ಅದು ಮೆಲ್ಲಗೆ ಹತ್ತುತ್ತದೆ; ಎತ್ತಿನಗಾಡಿಯ ಗಾಲಿ ಏಕೆ ಆಳೆತ್ತರವಿರುತ್ತಿತ್ತು ಎಂಬುದನ್ನು ನೆನೆದರೆ ಇದು ತಾನಾಗಿ ತಿಳಿಯುತ್ತದೆ. ಅಚ್ಚು ಹೊಯ್ದ ಗಾಲಿ ಬಲವಾದ ಪೆಟ್ಟಿಗೆ ಬಿರುಕು ಬಿಡಬಹುದು. ಕಡ್ಡಿಯ ಗಾಲಿ ಪೆಟ್ಟನ್ನು ಹಂಚಿಕೊಂಡು ಬಳುಕುತ್ತದೆ, ಸೊಟ್ಟಗಾದರೂ ಬಿಗಿದು ನೇರಮಾಡಬಹುದು. ಆದರೆ ಇಂಥ ಗಾಲಿಗೆ ಸಾಮಾನ್ಯವಾಗಿ ಟ್ಯೂಬು ಬೇಕು. ಮುಳ್ಳು ಚುಚ್ಚಿದರೆ ಗಾಲಿ ಬಿಚ್ಚಲೇಬೇಕು. ಎತ್ತರದ ಸೀಟು ಕಲ್ಲುದಾರಿಯಲ್ಲಿ ಅನುಕೂಲ, ಪೇಟೆಯ ಸಿಗ್ನಲಿನಲ್ಲಿ ಗಿಡ್ಡನೆಯವರಿಗೆ ತೊಡಕು. ಗಟ್ಟಿಗಟ್ಟಿಯಾದ ಟೈರು ಕೆಸರನ್ನು ಹಿಡಿಯುತ್ತದೆ, ಒದ್ದೆ ಡಾಂಬರಿನ ಮೇಲೆ ಅಷ್ಟು ಹಿಡಿತ ಕೊಡುವುದಿಲ್ಲ. ಒಂದು ಕಡೆ ಪಡೆದದ್ದನ್ನು ಇನ್ನೊಂದು ಕಡೆ ತೆತ್ತೇ ತೀರಬೇಕು.

ಇಲ್ಲಿಯೇ ನಮ್ಮ ಸಮಾಸದ ಮಾತು ತಿರುಗಿ ಬರುತ್ತದೆ. ಹೆಸರಿನಲ್ಲಿ ದ್ವಂದ್ವವಾದರೂ ಬಳಕೆಯಲ್ಲಿ ಇದು ತತ್ಪುರುಷ: ಎರಡರಲ್ಲಿ ಒಂದೇ ಪದ ಪ್ರಧಾನ. ಕೊಳ್ಳುವವನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ನೂರು ಕಿಲೋಮೀಟರುಗಳಲ್ಲಿ ಎಷ್ಟು ಡಾಂಬರು, ಎಷ್ಟು ಮಣ್ಣು? ತೊಂಬತ್ತು ಡಾಂಬರಾದರೆ ಟೈರು, ಸೀಟು, ಸಾಮಾನು ಎಲ್ಲವನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಡಾಂಬರೂ ಅಲ್ಲದೆ ಮಣ್ಣೂ ಅಲ್ಲದೆ ನೋಡುವವರ ಕಣ್ಣೇ ಗುರಿಯಾದ ಗಾಡಿಗಳೂ ಇವೆ. ಅವು ಬಹುವ್ರೀಹಿ, ಅಲ್ಲಿ ಪ್ರಧಾನವಾದದ್ದು ಅನ್ಯಪದ.

ನನ್ನ ತಂಗಿಯ ಮಗ ಹೊಸನಗರದ ಕಡೆ ಪಶುವೈದ್ಯ. ಅವನು ಎರಡು ವರ್ಷದ ಹಿಂದೆ ಇಂಥ ಗಾಡಿ ಕೊಂಡಾಗ ಅದೇಕೆ ಬೇಕಿತ್ತೆಂದು ಕೇಳಿದೆ. “ಮಾವ, ರಸ್ತೆ ಮುಗಿದ ಮೇಲೇ ನನ್ನ ಕೆಲಸ ಶುರುವಾಗೋದು” ಎಂದ. ಮಲೆನಾಡಿನ ಒಂಟಿಮನೆಗಳ ಕೊಟ್ಟಿಗೆಗೆ ಹೋಗಬೇಕಾದರೆ ಮಳೆಗಾಲದಲ್ಲಿ ಹಳ್ಳ ದಾಟಬೇಕು, ಜಾರುವ ಕೆಂಪು ಜೇಡಿಯ ಏರು ಹತ್ತಬೇಕು. ಕರು ಅಡ್ಡ ತಿರುಗಿ ಹಸು ನರಳುತ್ತಿರುವಾಗ ಅರ್ಧ ಗಂಟೆ ಮುಂಚೆ ತಲುಪುವುದಕ್ಕೂ ತಡವಾಗಿ ತಲುಪುವುದಕ್ಕೂ ಇರುವ ವ್ಯತ್ಯಾಸ ಆ ಮನೆಯವರಿಗೆ ಗೊತ್ತು. ಗಾಡಿ ಸಾಕುವ ವಿಷಯದಲ್ಲಿ ನಾನು ತಿಳಿದ ಬಹಳಷ್ಟು ಸಂಗತಿಗಳನ್ನು ಅವನ ಭಾನುವಾರದ ಕೆಲಸ ನೋಡುತ್ತ ತಿಳಿದೆ.

ಹೊಸ ಗಾಡಿಯನ್ನು ಮೊದಲು ಪಳಗಿಸಬೇಕು. ಹೋರಿಗೆ ನೊಗ ಕಲಿಸುವಾಗ ರೈತ ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಇಂಜಿನ್ನಿನ ಒಳಗಿನ ಲೋಹದ ಮೈಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಮೊದಲ 500ರಿಂದ 1000 ಕಿ.ಮೀ. ಬೇಕು. ಆ ಅವಧಿಯಲ್ಲಿ ಪೂರ್ತಿ ವೇಗ ಬೇಡ. ದೊಡ್ಡ ಗೇರಿನಲ್ಲಿ ನಿಧಾನವಾಗಿ ಎಳೆಸುವುದೂ ಬೇಡ. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದೂ ಬೇಡ. ಉಜ್ಜಾಟದಲ್ಲಿ ಉದುರಿದ ಲೋಹದ ಕಣಗಳು ಆಯಿಲಿನಲ್ಲಿ ಸೇರಿರುತ್ತವೆಯಾದ್ದರಿಂದ ಮೊದಲ ಸರ್ವೀಸನ್ನು ಮುಂದೂಡಬಾರದು. ಗಾಡಿಯ ಜೊತೆ ಬರುವ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಮ್ಮೆಯಾದರೂ ಓದಬೇಕು. ಮೂಲಗ್ರಂಥವನ್ನು ಬಿಟ್ಟು ಟೀಕೆಗಳನ್ನೇ ನಂಬುವ ವಿದ್ಯಾರ್ಥಿಯಂತೆ, ಅದನ್ನು ಬಿಟ್ಟು ಪರಿಚಿತರ ಬಾಯಿಮಾತನ್ನು ನಂಬುವವರೇ ಹೆಚ್ಚು.

ಆಮೇಲಿನ ಆರೈಕೆಯಲ್ಲಿ ಮೊದಲ ಸ್ಥಾನ ಚೈನಿನದು. ಸುಮಾರು 500 ಕಿ.ಮೀ.ಗೆ ಒಮ್ಮೆ, ಮಳೆಯಲ್ಲೋ ಕೆಸರಿನಲ್ಲೋ ಓಡಿಸಿದ್ದರೆ ಅಂದೇ, ಅದನ್ನು ತೊಳೆದು ಒರೆಸಿ ಎಣ್ಣೆ ಕೊಡಬೇಕು. ಚೈನಿನ ಸಡಿಲಿಗೆ ಒಂದು ಅಳತೆಯಿದೆ. ಚಕ್ರ ಮೇಲೆ ಕೆಳಗೆ ಆಡುವಾಗ ಚೈನು ತಾನಾಗಿ ಬಿಗಿಯುತ್ತದೆ; ಈ ಗಾಡಿಗಳಲ್ಲಿ ಆ ಆಟ ದೊಡ್ಡದಾದ್ದರಿಂದ ಸಡಿಲೂ ರಸ್ತೆಯ ಗಾಡಿಗಿಂತ ತುಸು ಹೆಚ್ಚು ಬೇಕು. ನಿಂತ ಗಾಡಿಯಲ್ಲಿ ಜೋತುಬಿದ್ದಂತೆ ಕಾಣುತ್ತದೆಂದು ಬಿಗಿದರೆ, ಗುಂಡಿಗೆ ಬಿದ್ದಾಗ ಆ ಎಳೆತವೆಲ್ಲ ಗೇರುಪೆಟ್ಟಿಗೆಯ ಬೇರಿಂಗಿನ ಮೇಲೆ ಬೀಳುತ್ತದೆ. ಅಳತೆ ಕೈಪಿಡಿಯಲ್ಲಿರುತ್ತದೆ, ಕಣ್ಣಂದಾಜು ಸಾಲದು.

ಎರಡನೆಯದು ಏರ್ ಫಿಲ್ಟರು. ಇಂಜಿನ್ನು ಪೆಟ್ರೋಲಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಗಾಳಿಯನ್ನು ಕುಡಿಯುತ್ತದೆ. ಬೇಸಗೆಯಲ್ಲಿ ಎರೆಭೂಮಿಯ ದೂಳಿನ ಹಾದಿಯಲ್ಲಿ ಮುಂದಿನ ಗಾಡಿಯ ಬೆನ್ನು ಹತ್ತಿ ಹೋದವರ ಫಿಲ್ಟರನ್ನು ಬಿಚ್ಚಿ ನೋಡಿದರೆ ಅದು ಏನನ್ನು ತಡೆದಿದೆಯೆಂದು ತಿಳಿಯುತ್ತದೆ. ಕಾಗದದ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು; ಸ್ಪಂಜಿನದಾದರೆ ತೊಳೆದು ಒಣಗಿಸಿ ಅದಕ್ಕೆಂದೇ ಇರುವ ಎಣ್ಣೆ ಹಚ್ಚಬೇಕು. ಮೂರನೆಯದು ಗಾಲಿಯ ಕಡ್ಡಿ. ಸಣ್ಣ ಪಾನದಿಂದ ಒಂದೊಂದನ್ನೂ ಮೆಲ್ಲಗೆ ತಟ್ಟಿದರೆ ಬಿಗಿಯಾದ ಕಡ್ಡಿ ತಂಬೂರಿಯ ತಂತಿಯಂತೆ ಮಿಡಿಯುತ್ತದೆ. ಸಡಿಲಗೊಂಡದ್ದು ಮಂಕಾಗಿ ಸದ್ದು ಮಾಡುತ್ತದೆ. ಶ್ರುತಿ ತಪ್ಪಿದ ಒಂದು ಕಡ್ಡಿಯ ಭಾರ ಪಕ್ಕದ ಕಡ್ಡಿಗಳ ಮೇಲೆ ಬಿದ್ದು ಅವೂ ಮುರಿಯತೊಡಗುತ್ತವೆ. ಬ್ರೇಕಿನ ಪ್ಯಾಡು ಸವೆದಿದೆಯೇ, ಬೋಲ್ಟುಗಳು ನಡುಗಿ ಸಡಿಲಗೊಂಡಿವೆಯೇ, ಟೈರಿನ ಗಾಳಿ ಸರಿಯಿದೆಯೇ ಎಂಬುದನ್ನೆಲ್ಲ ನೋಡಲು ವಾರಕ್ಕೆ ಕಾಲು ಗಂಟೆ ಸಾಕು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಅದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ನೀರಿನ ವಿಷಯದಲ್ಲಿ ಒಂದು ಮಾತು ಮುಖ್ಯ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಹಳ್ಳ ದಾಟುವಾಗ ಗಾಳಿ ಸೇದುವ ಬಾಯಿಯ ಮಟ್ಟಕ್ಕೆ ನೀರು ಏರಿದರೆ ಅದು ಸಿಲಿಂಡರಿನೊಳಗೆ ಹೋಗುತ್ತದೆ. ಪಿಸ್ಟನ್ನು ಆ ನೀರನ್ನು ಒತ್ತಲಾರದೆ ಅದರ ಕನೆಕ್ಟಿಂಗ್ ರಾಡೇ ಬಾಗುತ್ತದೆ. ನೀರಿನ ನಡುವೆ ಇಂಜಿನ್ನು ನಿಂತರೆ ಸ್ಟಾರ್ಟರನ್ನು ಒತ್ತಲೇಬಾರದು. ಗಾಡಿಯನ್ನು ದಡಕ್ಕೆ ತಳ್ಳಿ, ಪ್ಲಗ್ಗು ಬಿಚ್ಚಿ, ಒಳಗಿನ ನೀರನ್ನು ಹೊರಹಾಕಿದ ಮೇಲೆಯೇ ಮುಂದಿನ ಮಾತು. ಆಯಿಲು ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದೇ ಅರ್ಥ. ಅದನ್ನು ಬದಲಿಸದೆ ಓಡಿಸಬಾರದು. ಹರಿವ ನೀರಿನ ಆಳವನ್ನು ಮೊದಲು ಕಾಲಿನಿಂದ ಅಳೆಯಬೇಕು. ನಡೆದು ದಾಟಲಾಗದ ಹಳ್ಳವನ್ನು ಗಾಡಿಯಲ್ಲಿ ದಾಟುವುದು ಸಾಹಸವಲ್ಲ, ಅವಿವೇಕ.

ಇನ್ನು ತಿದ್ದುಪಡಿಗಳು. ಇವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ರಕ್ಷಣೆಗಾಗಿ: ಇಂಜಿನ್ನಿನ ಹೊಟ್ಟೆಗೆ ಲೋಹದ ತಟ್ಟೆ, ಹಿಡಿಕೆಗೆ ಕೈಗಾಪು. ಎರಡನೆಯದು ಮೈಯಳತೆಗಾಗಿ: ಹ್ಯಾಂಡಲ್ಲಿನ ಎತ್ತರ, ಕ್ಲಚ್ಚು ಬ್ರೇಕುಗಳ ಓರೆ. ಮೂರನೆಯದು ಗುಣವನ್ನೇ ಬದಲಿಸುವುದು: ಸ್ಪ್ರಾಕೆಟ್ಟು, ಸ್ಪ್ರಿಂಗು, ಸೈಲೆನ್ಸರು. ಹೊಸ ಗಾಡಿಯ ಒಡೆಯ ಸಾಮಾನ್ಯವಾಗಿ ಮೂರನೆಯದರಿಂದ ಆರಂಭಿಸುತ್ತಾನೆ, ಆರಂಭಿಸಬೇಕಾದದ್ದು ಎರಡನೆಯದರಿಂದ. ಹ್ಯಾಂಡಲ್ಲು ಮೈಗೆ ಹೊಂದಿದರೆ ಕೆಟ್ಟ ದಾರಿಯಲ್ಲಿ ಪಾದದಾನಿಗಳ ಮೇಲೆ ಎದ್ದು ನಿಂತು ಓಡಿಸಬಹುದು. ಆಗ ಮೊಣಕಾಲುಗಳೇ ಮತ್ತೊಂದು ಜೊತೆ ಸ್ಪ್ರಿಂಗುಗಳಾಗುತ್ತವೆ. ಇದಕ್ಕೆ ಖರ್ಚು ಬಹುತೇಕ ಇಲ್ಲ.

ಗುಣ ಬದಲಿಸುವುದರ ಲೆಕ್ಕ ಹೇಗಿರುತ್ತದೆಂದು ನೋಡಿ. ಮುಂದಿನ ಸ್ಪ್ರಾಕೆಟ್ಟಿಗೆ 13 ಹಲ್ಲು, ಹಿಂದಿನದಕ್ಕೆ 39 ಎಂದಿಟ್ಟುಕೊಂಡರೆ ಪ್ರಮಾಣ ಮೂರಕ್ಕೆ ಒಂದು. ಮುಂದಿನದರಲ್ಲಿ ಒಂದೇ ಹಲ್ಲು ಕಡಿಮೆ ಮಾಡಿದರೆ ಅದು 3.25 ಆಗುತ್ತದೆ. ಏರುದಾರಿಯಲ್ಲಿ ಎಳೆಯುವ ಬಲ ನೂರಕ್ಕೆ ಸುಮಾರು 8ರಷ್ಟು ಹೆಚ್ಚಿತು; ಅದೇ ವೇಗಕ್ಕೆ ಇಂಜಿನ್ನು ಅಷ್ಟೇ ಹೆಚ್ಚು ಸುತ್ತಬೇಕಾಯಿತು. ಹೆದ್ದಾರಿಯಲ್ಲಿ ನಡುಕ ಹೆಚ್ಚು, ಪೆಟ್ರೋಲು ಹೆಚ್ಚು. ಕಬ್ಬಿಣದ ಸರಳು, ಪೆಟ್ಟಿಗೆ, ಹೆಚ್ಚುವರಿ ದೀಪ ಎಂದು ಹೇರುತ್ತ ಹೋದರೆ ಹಗುರವಾಗಿರಲೆಂದು ಕೊಂಡ ಗಾಡಿ ಭಾರವಾಗುತ್ತದೆ. ಜಾರುವ ಇಳಿಜಾರಿನಲ್ಲಿ ಬಿದ್ದಾಗ ಒಬ್ಬನೇ ಎತ್ತಿ ನಿಲ್ಲಿಸಲಾರ. ಬರೆಹದಲ್ಲಿ ವಿಶೇಷಣಗಳಿಗೆ ಹೇಗೋ ಹಾಗೆ ಗಾಡಿಯಲ್ಲಿ ಬಿಡಿಭಾಗಗಳಿಗೂ ಒಂದು ಮಿತಿ ಉಂಟು.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನು, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಒಡೆಯನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಕಂಪನಿಯೇ ಆ ಮಾದರಿಗೆಂದು ಒಪ್ಪಿ ಮಾರುವ ಭಾಗಗಳನ್ನು ಆರಿಸುವುದು ಕ್ಷೇಮ. ಸೈಲೆನ್ಸರನ್ನು ಕಿತ್ತು ಅಬ್ಬರದ ಕೊಳವೆ ಹಾಕಿಸುವ ಚಪಲವಂತೂ ಎಲ್ಲ ಬಗೆಯಲ್ಲೂ ನಷ್ಟ. 2020ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ಹೊಗೆಯನ್ನು ಶುದ್ಧಿಮಾಡುವ ಪಾತ್ರೆಯೂ ಆಮ್ಲಜನಕವನ್ನು ಅಳೆಯುವ ಸಾಧನವೂ ಆ ಕೊಳವೆಯ ಜೊತೆಗೇ ಸೇರಿರುತ್ತವೆ. ಅವು ಹೋದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿಡಿಭಾಗಗಳಿಗೆ ಸುರಿಯುವ ಹಣದಲ್ಲಿ ಮೊದಲ ಪಾಲು ಐ.ಎಸ್.ಐ. ಗುರುತಿನ ಒಳ್ಳೆಯ ಹೆಲ್ಮೆಟ್ಟಿಗೂ ಕಣಕಾಲು ಮುಚ್ಚುವ ಗಟ್ಟಿ ಬೂಟಿಗೂ ಸಲ್ಲಬೇಕು. ಗಾಡಿಯ ಹೊಟ್ಟೆಗೆ ತಟ್ಟೆ ಕಟ್ಟಿಸಿ ತನ್ನ ತಲೆಯನ್ನು ಬರಿದಾಗಿ ಬಿಡುವವನ ವಿವೇಕಕ್ಕೆ ಏನೆನ್ನೋಣ?

ಕೊನೆಯದಾಗಿ, ಈ ವಾಹನ ಹೋಗಬಲ್ಲ ಕಡೆಗೆಲ್ಲ ಹೋಗುವ ಹಕ್ಕು ಅದರ ಒಡೆಯನಿಗೆ ಇದೆಯೆಂದಲ್ಲ. ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿರ್ಬಂಧಿಸಿದೆ. ಕಾನೂನು ಹೇಳದ ಕಡೆಯೂ ನೆಲಕ್ಕೆ ತನ್ನದೊಂದು ಹೇಳಿಕೆ ಇದೆ. ಪಶ್ಚಿಮ ಘಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ ಗಟ್ಟಿ ಟೈರು ಒಮ್ಮೆ ಸೀಳಿದ ಗೆರೆ ಮೊದಲ ಮಳೆಗೆ ಕಾಲುವೆಯಾಗುತ್ತದೆ; ಮುಂದಿನ ಮಳೆಗಳಲ್ಲಿ ಅದೇ ಕೊರಕಲಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ರೈತನ ಬದು, ದೇವರಕಾಡಿನ ದಾರಿ, ದನ ನೀರು ಕುಡಿಯುವ ಹಳ್ಳದ ದಡ, ಇವೆಲ್ಲ ಯಾರೋ ಕಾಪಾಡಿಕೊಂಡು ಬಂದ ಜಾಗಗಳು. ಹಳ್ಳಿಯವರು ನಡೆದು ಮಾಡಿದ ದಾರಿಯಲ್ಲಿ ಹೋಗುವವನು ಜನರನ್ನೂ ದನಗಳನ್ನೂ ಕಂಡಾಗ ನಿಧಾನಿಸಿ, ಅಗತ್ಯವಾದರೆ ನಿಂತು, ಅವರನ್ನು ಮುಂದೆ ಬಿಟ್ಟು ಹೋಗಬೇಕು. ಪಶುವೈದ್ಯನ ಗಾಡಿಗೆ ಆ ಕಡೆಯ ತೋಟದವರು ತಾವಾಗಿಯೇ ಉಣುಗೋಲು ಸರಿಸುತ್ತಾರೆ. ಅದೇ ಗಾಡಿಯಲ್ಲಿ ಮೋಜಿಗೆ ನುಗ್ಗಿದವರನ್ನು ಕಂಡರೆ ಬೇಲಿ ಬಿಗಿಮಾಡುತ್ತಾರೆ. ಎರಡೂ ನ್ಯಾಯವೇ.

ಆದ್ದರಿಂದ ಮನೆಯಂಗಳದಲ್ಲಿ ಇಂಥ ವಾಹನ ಬಂದು ನಿಂತಿದ್ದರೆ ಹಿರಿಯರು ಅದರ ಬೆಲೆಯನ್ನೂ ವೇಗವನ್ನೂ ಕೇಳುವ ಬದಲು ಬೇರೆ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಚೈನಿಗೆ ಎಣ್ಣೆ ಕೊಟ್ಟು ಎಷ್ಟು ದಿನವಾಯಿತು? ಟೈರಿನ ಗಾಳಿಯನ್ನು ಯಾವಾಗ ನೋಡಿದೆ? ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿದೆಯೇ? ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಬರುವೆ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಬಂದರೆ ಗಾಡಿ ಯೋಗ್ಯವಾದ ಕೈ ಸೇರಿದೆಯೆಂದು ತಿಳಿದು, ಬಾಗಿಲವರೆಗೆ ಬಂದು ಹೋಗಿ ಬಾ ಎನ್ನಬಹುದು.